ರೇಡಿಯೋ ಮತ್ತು ಡಿಜೆಗಳ ಬಗ್ಗೆ ಇರುವ ಹಾಡುಗಳು: ನಿಮಗೆ ಯಾವುದು ಇಷ್ಟ, ಯಾಕೆ?

ಡಯಲ್_ದೀಪ

ಗೆಳೆಯರೇ, ಎರಡು ವಾರದಿಂದ ರಾತ್ರಿ ಹೊತ್ತು ನನಗೆ ಒಂದೇ ಕೆಲಸ. ರೇಡಿಯೋ ಬಗ್ಗೆ, ಅದರಲ್ಲಿ ಹಾಡು ಹಾಕಿ ಮಾತಾಡುವ ಡಿಜೆಗಳ ಬಗ್ಗೆ ಬಂದಿರುವ ಹಾಡುಗಳನ್ನು ಹುಡುಕಿ ಹುಡುಕಿ ಕೇಳುವುದು. ಸುಮ್ನೆ ಒಂದು ಪಟ್ಟಿ ಮಾಡೋಣ ಅಂತ ಶುರು ಮಾಡಿದೆ. ಕೇಳುತ್ತಾ ಹೋದ ಹಾಗೆ ಪಟ್ಟಿ ಬದಿಗೆ ಸರಿಯಿತು, ಬೇರೆಯೇ ಒಂದು ವಿಷಯ ತಲೆಗೆ ಹತ್ತಿತು.

ಕ್ವೀನ್ ತಂಡದ 'ರೇಡಿಯೋ ಗಾ ಗಾ' ತಗೊಳ್ಳಿ. 1984ರ ಹಾಡು, ಬರೆದವರು ಡ್ರಮ್ಸ್ ನುಡಿಸುವ ರೋಜರ್ ಟೇಲರ್. ಅವರ ಪುಟ್ಟ ಮಗ ರೇಡಿಯೋ ಬಗ್ಗೆ ತೊದಲಿದ ಮಾತಿನಿಂದ ಆ ಹೆಸರು ಹುಟ್ಟಿತು. ಈ ಹಾಡು ಅಂದರೆ ಎಲ್ಲರಿಗೂ ಕಣ್ಣಮುಂದೆ ಬರುವುದು 1985ರ ಜುಲೈ 13ರ ಲೈವ್ ಏಡ್ ಸಂಗೀತ ಕಾರ್ಯಕ್ರಮ. ಲಂಡನ್ನಿನ ವೆಂಬ್ಲಿ ಸ್ಟೇಡಿಯಂ ತುಂಬಾ ಜನ, ಎಲ್ಲರ ಕೈಗಳೂ ತಲೆಯ ಮೇಲೆ, ಒಟ್ಟಿಗೆ ಎರಡು ಚಪ್ಪಾಳೆ. ಆದರೆ ಹಾಡಿನ ಮೊದಲ ಸಾಲುಗಳಲ್ಲಿ ಆ ಜನಸಾಗರ ಇಲ್ಲವೇ ಇಲ್ಲ. ಅಲ್ಲಿರುವುದು ಒಬ್ಬ ಹುಡುಗ. ಒಬ್ಬನೇ ಕೂತು ರೇಡಿಯೋದ ಬೆಳಕನ್ನು ನೋಡುತ್ತಿದ್ದಾನೆ. ಆ ವಯಸ್ಸಿನ ರಾತ್ರಿಗಳಲ್ಲಿ ಅವನಿಗಿದ್ದ ಗೆಳೆಯ ಅದೊಂದೇ.

ಇನ್ನು ಬಗಲ್ಸ್ ತಂಡದ 'ವಿಡಿಯೋ ಕಿಲ್ಡ್ ದ ರೇಡಿಯೋ ಸ್ಟಾರ್', 1979. ಅದೂ ಹಾಗೇ ಶುರುವಾಗುತ್ತದೆ. ಇಸವಿ 52, ಒಬ್ಬ ಹುಡುಗ ನಿದ್ದೆ ಬಿಟ್ಟು ಮಲಗಿ ಒಂದು ದನಿಗಾಗಿ ಸ್ಟೇಷನ್ ಹಿಡಿಯುತ್ತಿದ್ದಾನೆ. 1970ರಲ್ಲಿ ವೆಲ್ವೆಟ್ ಅಂಡರ್‌ಗ್ರೌಂಡ್ ಮಾಡಿದ 'ರಾಕ್ ಅಂಡ್ ರೋಲ್'ನಲ್ಲಿ ಜೆನ್ನಿ ಅನ್ನುವ ಐದು ವರ್ಷದ ಹುಡುಗಿ. ಮನೆಯಲ್ಲಿ ಅವಳಿಗೆ ಏನೂ ಇಲ್ಲ. ಒಂದು ದಿನ ನ್ಯೂಯಾರ್ಕ್‌ನ ಸ್ಟೇಷನ್ ಹಾಕುತ್ತಾಳೆ, ಕೇಳಿದ್ದನ್ನು ನಂಬುವುದಕ್ಕೇ ಆಗುವುದಿಲ್ಲ. ಆ ಹಾಡುಗಳೇ ಅವಳ ಜೀವ ಉಳಿಸುತ್ತವೆ.

ಮೂರೂ ಬೇರೆ ಬೇರೆ ತಂಡ, ಬೇರೆ ಬೇರೆ ಕಾಲ. ಮೂರರಲ್ಲೂ ಒಂದೇ ಚಿತ್ರ: ಒಬ್ಬರು, ಒಂದು ರೇಡಿಯೋ, ಸುತ್ತಲೂ ಮೌನ. ನನಗೆ ಅನಿಸುವುದು ಇಷ್ಟು. ಒಳ್ಳೆಯ ರೇಡಿಯೋ ಹಾಡುಗಳು ರೇಡಿಯೋ ಬಗ್ಗೆ ಅಲ್ಲ, ಅದರ ಈಚೆ ಕೂತು ಕೇಳುವವರ ಬಗ್ಗೆ.

ನಿಮಗೆ ಇಷ್ಟವಾದದ್ದು ಯಾವುದು? ಬರೀ ಹೆಸರು ಬೇಡ. ಯಾಕೆ ಇಷ್ಟ ಅಂತಲೂ ಬರೆಯಿರಿ.

ಹಳೇ_ಕ್ಯಾಸೆಟ್

ನನ್ನ ಉತ್ತರಕ್ಕೆ ಒಂದು ಕ್ಷಣವೂ ಯೋಚಿಸಬೇಕಿಲ್ಲ. ಕಾರ್ಪೆಂಟರ್ಸ್, 'ಯೆಸ್ಟರ್‌ಡೇ ಒನ್ಸ್ ಮೋರ್', 1973. ರಿಚರ್ಡ್ ಕಾರ್ಪೆಂಟರ್ ಮತ್ತು ಜಾನ್ ಬೆಟಿಸ್ ಬರೆದದ್ದು, ಹಾಡಿದ್ದು ರಿಚರ್ಡ್ ಅವರ ತಂಗಿ ಕ್ಯಾರೆನ್. ಚಿಕ್ಕವಳಿದ್ದಾಗ ರೇಡಿಯೋ ಹಾಕಿಕೊಂಡು ತನ್ನ ಇಷ್ಟದ ಹಾಡು ಬರಲಿ ಅಂತ ಕಾಯುತ್ತಿದ್ದೆ ಅನ್ನುತ್ತಾಳೆ. ಆ 'ಕಾಯುವುದು' ಅನ್ನುವ ಮಾತೇ ನನಗೆ ಇಡೀ ಹಾಡು.

ನಾನೂ ಕಾಯುತ್ತಿದ್ದೆ. ಟೇಪ್ ರೆಕಾರ್ಡರ್‌ನಲ್ಲಿ ಖಾಲಿ ಕ್ಯಾಸೆಟ್ ಹಾಕಿ, ಪ್ಲೇ ಮತ್ತು ರೆಕಾರ್ಡ್ ಗುಂಡಿಗಳ ಮೇಲೆ ಎರಡು ಬೆರಳು ಇಟ್ಟು, ಪಾಸ್ ಒತ್ತಿ ಹಿಡಿದು ಕೂರುತ್ತಿದ್ದೆ. ನಿರೂಪಕರ ಮಾತು ಯಾವಾಗ ಮುಗಿಯುತ್ತದೆ ಅಂತ ಗೊತ್ತಿಲ್ಲ. ಮೊದಲ ಸ್ವರ ಕಿವಿಗೆ ಬಿದ್ದ ಕೂಡಲೇ ಪಾಸ್ ಬಿಡಬೇಕು. ಒಂದು ಸೆಕೆಂಡ್ ತಡವಾದರೂ ಹಾಡಿನ ತಲೆ ಹೋಯಿತು. ನನ್ನ ಹತ್ತಿರ ಇರುವ ಕ್ಯಾಸೆಟ್‌ಗಳಲ್ಲಿ ಅರ್ಧ ಹಾಡುಗಳಿಗೆ ತಲೆ ಇಲ್ಲ, ಇನ್ನರ್ಧಕ್ಕೆ ಬಾಲದಲ್ಲಿ ಯಾರದೋ ಮಾತು ಅಂಟಿಕೊಂಡಿದೆ. ಈಗ ಅವೇ ಹಾಡುಗಳು ಫೋನಿನಲ್ಲಿ ಪೂರ್ತಿ ಸಿಗುತ್ತವೆ. ಆದರೂ ಕೇಳುವಾಗ ಆ ಜಾಗ ಬಂದಾಗ ನನ್ನ ಕಿವಿ ಆ ಮಾತಿಗೆ ಕಾಯುತ್ತದೆ.

ಕಾರ್ಪೆಂಟರ್ಸ್ ಆ ಆಲ್ಬಂನ ಎರಡನೇ ಬದಿ ಪೂರ್ತಿ ಒಂದು ರೇಡಿಯೋ ಕಾರ್ಯಕ್ರಮದ ಹಾಗೆ ಮಾಡಿದ್ದಾರೆ. ಈ ಹಾಡಿನಿಂದ ಶುರು, ಆಮೇಲೆ ಸಾಲಾಗಿ ಹಳೆಯ ಹಾಡುಗಳು, ಕೊನೆಗೆ ಮತ್ತೆ ಇದೇ ಹಾಡು. ನಡುನಡುವೆ ಡಿಜೆಯಾಗಿ ಮಾತಾಡುವವರು ಅವರದೇ ಗಿಟಾರ್ ವಾದಕ ಟೋನಿ ಪೆಲುಸೊ. ಒಂದೇ ಹಾಡು ಕೇಳಿ ಬಿಡಬೇಡಿ, ಆ ಬದಿಯನ್ನು ಒಟ್ಟಿಗೆ ಕೇಳಿ.

ಮೂರು_ಕಾರ್ಡ್

ನೀವಿಬ್ಬರೂ ಹೇಳುತ್ತಿರುವುದು ಪ್ರೀತಿಯ ಹಾಡುಗಳು. ಕೋಪದ ಹಾಡುಗಳನ್ನು ಯಾಕೆ ಬಿಡುತ್ತೀರಿ?

ಎಲ್ವಿಸ್ ಕಾಸ್ಟೆಲೊ, 'ರೇಡಿಯೋ ರೇಡಿಯೋ'. 1977ರ ಡಿಸೆಂಬರ್ 17, ಅಮೆರಿಕದ ಟಿವಿಯಲ್ಲಿ 'ಸ್ಯಾಟರ್ಡೇ ನೈಟ್ ಲೈವ್' ನೇರ ಪ್ರಸಾರ. ಮೊದಲೇ ನಿಗದಿಯಾಗಿದ್ದ 'ಲೆಸ್ ದ್ಯಾನ್ ಝೀರೊ' ಹಾಡನ್ನು ಶುರು ಮಾಡಿದ ಕೆಲವೇ ಕ್ಷಣಕ್ಕೆ ಕೈ ಬೀಸಿ ತಂಡವನ್ನು ನಿಲ್ಲಿಸಿದರು. ಈ ಹಾಡು ಹಾಡುವುದಕ್ಕೆ ಕಾರಣವೇ ಇಲ್ಲ ಅಂದು 'ರೇಡಿಯೋ ರೇಡಿಯೋ' ಎತ್ತಿಕೊಂಡರು. ಜನರನ್ನು ಮಂಕು ಮಾಡುವವರ ಕೈಗೆ ರೇಡಿಯೋ ಹೋಗಿದೆ ಅನ್ನುವ ಹಾಡು ಅದು. ಆಮೇಲೆ 1989ರವರೆಗೆ ಆ ಕಾರ್ಯಕ್ರಮಕ್ಕೆ ಅವರನ್ನು ಕರೆಯಲಿಲ್ಲ. ಆ ತುಣುಕು ಈಗಲೂ ನೋಡಲು ಸಿಗುತ್ತದೆ. ಹಿಂದಿರುವ ವಾದ್ಯದವರ ಮುಖ ನೋಡಿ, ಎಷ್ಟು ಬೇಗ ಹೊಂದಿಕೊಳ್ಳುತ್ತಾರೆ ಅಂತ.

ಕ್ಲ್ಯಾಶ್ ತಂಡ 1977ರಲ್ಲೇ 'ಕ್ಯಾಪಿಟಲ್ ರೇಡಿಯೋ' ಮಾಡಿತ್ತು. ಜಾಯ್ ಡಿವಿಷನ್‌ನ 'ಟ್ರಾನ್ಸ್‌ಮಿಷನ್' 1979ರದ್ದು. ಅದರಲ್ಲಿ ರೇಡಿಯೋಗೆ ಕುಣಿಯಿರಿ ಅನ್ನುವ ಮಾತು ಮೊದಲು ಕರೆಯ ಹಾಗೆ ಕೇಳುತ್ತದೆ, ಕೊನೆಗೆ ಬರುವಷ್ಟರಲ್ಲಿ ಚೀರಾಟ ಆಗಿರುತ್ತದೆ. ಇವುಗಳಲ್ಲಿ ಕೋಣೆಯಲ್ಲಿ ಕೂತ ಹುಡುಗ ಎಲ್ಲಿದ್ದಾನೆ?

ಡಯಲ್_ದೀಪ

ಇದ್ದಾನೆ ಅಂತಲೇ ನನ್ನ ಅನಿಸಿಕೆ. ಕಾಸ್ಟೆಲೊ ತಾವು ಹೆಸರು ಮಾಡುವ ಮುಂಚೆಯೇ ಆ ಹಾಡನ್ನು 'ರೇಡಿಯೋ ಸೋಲ್' ಅಂತ ಬರೆದಿದ್ದರು. ಆಗ ಅದು ರೇಡಿಯೋವನ್ನು ಹೊಗಳುವ ಹಾಡು. ಅದೇ ಆಮೇಲೆ ಕೋಪದ ಹಾಡಾಯಿತು. ಅಷ್ಟು ಪ್ರೀತಿ ಇದ್ದದ್ದಕ್ಕೇ ಅಷ್ಟು ಕೋಪ. ಕೋಣೆಯಲ್ಲಿದ್ದ ಹುಡುಗ ದೊಡ್ಡವನಾಗಿ ಬಂದು ಜಗಳ ಆಡುತ್ತಿದ್ದಾನೆ, ಅಲ್ವಾ?

ಮೂರು_ಕಾರ್ಡ್

ಆ ಹಳೇ ರೂಪ ನನಗೆ ಹೊಳೆದಿರಲಿಲ್ಲ. ಸರಿ, ಇದೊಂದನ್ನು ಒಪ್ಪಿದೆ. ಉಳಿದದ್ದಕ್ಕೆ ಆಮೇಲೆ ಬರುತ್ತೇನೆ.

ಮೀಡಿಯಂ_ವೇವ್

ಡಯಲ್_ದೀಪ ಅವರೇ, ನೀವು ಹೇಳಿದ ಎರಡು ಹಾಡುಗಳಲ್ಲಿ ರಾತ್ರಿ ಇದೆ. ಅದು ಕವಿಗಳ ಕಲ್ಪನೆ ಮಾತ್ರ ಅಲ್ಲ. ಅದಕ್ಕೆ ಆಕಾಶದಲ್ಲೇ ಕಾರಣ ಇದೆ. ರೇಡಿಯೋ ಬಿಚ್ಚಿ ಜೋಡಿಸುವುದು ನನ್ನ ಹುಚ್ಚು, ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಹಳೆಯ ಸ್ಟೇಷನ್‌ಗಳು ಹೆಚ್ಚಾಗಿ ಮೀಡಿಯಂ ವೇವ್, ಅಂದರೆ ಎಎಂ. ಡಯಲ್ ಮೇಲೆ ಸುಮಾರು 530ರಿಂದ 1,700 ಕಿಲೋಹರ್ಟ್ಸ್. ಭೂಮಿಯ ಮೇಲೆ ತುಂಬಾ ಎತ್ತರದಲ್ಲಿ ಅಯಾನುಗೋಳ ಅನ್ನುವ ವಿದ್ಯುದಾವೇಶದ ಗಾಳಿ ಇದೆ, ಅದರಲ್ಲಿ ಪದರಗಳಿವೆ. ಎಲ್ಲಕ್ಕಿಂತ ಕೆಳಗಿನದು ಡಿ ಪದರ. ಬಿಸಿಲಿನಿಂದ ಅದು ಹುಟ್ಟುತ್ತದೆ, ಹಗಲಿನಲ್ಲಿ ಈ ಅಲೆಗಳನ್ನು ನುಂಗಿಬಿಡುತ್ತದೆ. ಅದಕ್ಕೇ ಹಗಲು ಹೊತ್ತು ಹತ್ತಿರದ ಸ್ಟೇಷನ್ ಮಾತ್ರ ಸಿಗುವುದು. ಸೂರ್ಯ ಮುಳುಗಿದ ಮೇಲೆ ಡಿ ಪದರ ಕರಗಿಹೋಗುತ್ತದೆ. ಆಗ ಅಲೆಗಳು ಇನ್ನೂ ಮೇಲೆ ಹೋಗಿ, ಅಲ್ಲಿನ ಪದರಕ್ಕೆ ತಾಗಿ ಬಾಗಿ, ನೂರಾರು ಕಿಲೋಮೀಟರ್ ಆಚೆ ಬಂದು ಇಳಿಯುತ್ತವೆ. ಹಗಲು ಬರೀ ಗೊರಗೊರ ಇದ್ದ ಜಾಗದಲ್ಲಿ ರಾತ್ರಿ ಒಂದು ದನಿ ಇರುತ್ತದೆ. ಅದೂ ಸ್ಥಿರವಲ್ಲ, ಹತ್ತಿರ ಬರುತ್ತದೆ, ದೂರ ಹೋಗುತ್ತದೆ.

ಯುರೋಪಿನಲ್ಲಿ ಒಂದು ಇಡೀ ತಲೆಮಾರು ಹೀಗೇ ಬೆಳೆಯಿತು. ರೇಡಿಯೋ ಲಕ್ಸೆಂಬರ್ಗ್ 1933ರಿಂದ ಇಂಗ್ಲಿಷ್ ಕಾರ್ಯಕ್ರಮ ಶುರು ಮಾಡಿತ್ತು. ಎರಡನೇ ಮಹಾಯುದ್ಧದ ನಂತರ 208 ಮೀಟರ್ ಅಲೆಯುದ್ದದಲ್ಲಿ ರಾತ್ರಿ ಹೊತ್ತು ಪಾಪ್ ಹಾಡುಗಳನ್ನು ಹಾಕುತ್ತಿತ್ತು. ವ್ಯಾನ್ ಮಾರಿಸನ್ 1990ರಲ್ಲಿ 'ಇನ್ ದ ಡೇಸ್ ಬಿಫೋರ್ ರಾಕ್ ಎನ್ ರೋಲ್' ಅಂತ ಒಂದು ಹಾಡು ಮಾಡಿದ್ದಾರೆ. ಐರಿಶ್ ಕವಿ ಪಾಲ್ ಡರ್ಕನ್ ಅದರಲ್ಲಿ ಮಾತಾಡುತ್ತಾರೆ. ರೇಡಿಯೋ ಮುಂದೆ ಮಂಡಿಯೂರಿ ಕೂತು ಗುಂಡಿ ತಿರುಗಿಸುತ್ತಾ ಸ್ಟೇಷನ್‌ಗಳ ಹೆಸರು ಹೇಳುತ್ತಾ ಹೋಗುತ್ತಾರೆ. ಲಕ್ಸೆಂಬರ್ಗ್, ಅಥ್ಲೋನ್, ಬುಡಾಪೆಸ್ಟ್, ಹಿಲ್ವರ್ಸಮ್. ಹಳೆಯ ಸೆಟ್‌ಗಳ ಗಾಜಿನ ಮೇಲೆ ಊರುಗಳ ಹೆಸರೇ ಅಚ್ಚಾಗಿರುತ್ತಿತ್ತು. ಮುಳ್ಳು ಒಂದು ಊರಿನಿಂದ ಇನ್ನೊಂದು ಊರಿಗೆ ಸರಿಯುತ್ತಿತ್ತು. ನನ್ನ ಮೇಜಿನ ಮೇಲೆ ಅಂಥದ್ದೊಂದು ಸೆಟ್ ಇದೆ. ಸ್ವಿಚ್ ಹಾಕಿದರೆ ತಕ್ಷಣ ದನಿ ಬರುವುದಿಲ್ಲ. ಒಳಗಿನ ಗಾಜಿನ ವಾಲ್ವ್‌ಗಳು ಬಿಸಿಯಾಗಬೇಕು. ಮೊದಲು ಗಾಜಿನ ಹಿಂದೆ ಹಳದಿ ದೀಪ, ಆಮೇಲೆ ಬಿಸಿಯಾದ ಧೂಳಿನ ವಾಸನೆ, ಆಮೇಲೆ ಸಣ್ಣಗೆ ಹಮ್ ಅನ್ನುವ ಸದ್ದು, ಕೊನೆಗೆ ಊರು. ಕ್ವೀನ್ ಹಾಡಿನ ಹುಡುಗ ಬೆಳಕನ್ನು ನೋಡುತ್ತಿದ್ದ ಅಂದಿರಲ್ಲ, ಅದು ಈ ದೀಪವೇ ಅಂತ ನಾನು ಅಂದುಕೊಂಡಿದ್ದೇನೆ.

ಹೊಸ_ಕಿವಿ

ಸರ್, ಇದು ಗೊತ್ತೇ ಇರಲಿಲ್ಲ! ಹಾಗಾದರೆ ವುಲ್ಫ್‌ಮ್ಯಾನ್ ಜ್ಯಾಕ್ ಅನ್ನುವ ಡಿಜೆ ಮೆಕ್ಸಿಕೋದಿಂದ ಇಡೀ ಅಮೆರಿಕಕ್ಕೆ ಕೇಳಿಸುತ್ತಿದ್ದರು ಅನ್ನುವುದೂ ಇದರಿಂದಲೇನಾ?

ಮೀಡಿಯಂ_ವೇವ್

ಅದೇ ಕಾರಣ, ಜೊತೆಗೆ ಶಕ್ತಿ. ಅಮೆರಿಕದ ಕಾನೂನಿನಲ್ಲಿ ಎಎಂ ಸ್ಟೇಷನ್‌ಗೆ 50,000 ವ್ಯಾಟ್ ಗರಿಷ್ಠ ಮಿತಿ. ಗಡಿಯ ಆಚೆ ಮೆಕ್ಸಿಕೋಗೆ ಆ ಮಿತಿ ಅನ್ವಯಿಸುವುದಿಲ್ಲ. ಸಿಯುದಾದ್ ಅಕೂನ್ಯ ಊರಿನ ಎಕ್ಸ್‌ಇಆರ್‌ಎಫ್ ಸ್ಟೇಷನ್ 2,50,000 ವ್ಯಾಟ್ ತನಕ ಹೋಗಿತ್ತು. ಈ ಗಡಿ ಸ್ಟೇಷನ್‌ಗಳ ಹೆಸರೆಲ್ಲ ಎಕ್ಸ್ ಅಕ್ಷರದಿಂದ ಶುರು. ಅದಕ್ಕೇ ಝೀಝೀ ಟಾಪ್ 1975ರಲ್ಲಿ 'ಹರ್ಡ್ ಇಟ್ ಆನ್ ದ ಎಕ್ಸ್' ಅಂತ ಹಾಡಿದ್ದು. ಟೆಕ್ಸಸ್ ಹುಡುಗರು ಅವರು, ಬ್ಲೂಸ್ ಕಲಿತದ್ದು ಎಲ್ಲಿಂದ ಅಂತ ಹಾಡಿನಲ್ಲೇ ಸಾಲ ತೀರಿಸಿದ್ದಾರೆ.

ವುಲ್ಫ್‌ಮ್ಯಾನ್ ಜ್ಯಾಕ್ ಬಗ್ಗೆಯೇ ಬೇಕು ಅಂದರೆ ಕೆನಡಾದ ಗೆಸ್ ಹೂ ತಂಡದ 'ಕ್ಲ್ಯಾಪ್ ಫಾರ್ ದ ವುಲ್ಫ್‌ಮ್ಯಾನ್', 1974. ಅವರ ಸ್ವಂತ ಗೊಗ್ಗರು ದನಿಯೇ ಹಾಡಿನ ನಡುವೆ ಬರುತ್ತದೆ. ವಾಲ್ ಆಫ್ ವೂಡೂ ತಂಡದ 'ಮೆಕ್ಸಿಕನ್ ರೇಡಿಯೋ' ಕೂಡ ಈ ಗಡಿಯದ್ದೇ. ಅದರಲ್ಲಿ ಕೇಳುವವನಿಗೆ ಭಾಷೆ ಅರ್ಥವಾಗುವುದಿಲ್ಲ, ಆದರೂ ಕೇಳುತ್ತಾನೆ. ಅದು ನನಗೆ ತುಂಬಾ ಹಿಡಿಸಿದ ವಿಷಯ.

ಬೇಸ್_ಪ್ರಿಯೆ

ಇಷ್ಟು ಹೊತ್ತು ಗಿಟಾರ್ ಹಿಡಿದ ಗಂಡಸರೇ ಜಾಸ್ತಿ ಆದರು. ಡೊನಾ ಸಮರ್ ಎಲ್ಲಿ?

'ಆನ್ ದ ರೇಡಿಯೋ', 1979. ಜಾರ್ಜಿಯೊ ಮೊರೊಡರ್ ಜೊತೆ ಸೇರಿ ಅವರೇ ಬರೆದದ್ದು. ಕತೆ ಹೇಳುತ್ತೇನೆ, ಕೇಳಿ. ಒಬ್ಬ ಅವಳಿಗೆ ಒಂದು ಕಾಗದ ಬರೆದಿದ್ದಾನೆ, ಕೊಟ್ಟಿಲ್ಲ. ಹಳೆಯ ಕಂದು ಕೋಟಿನ ತೂತಿನಿಂದ ಅದು ಎಲ್ಲೋ ಬಿದ್ದುಹೋಗಿದೆ. ಯಾರಿಗೋ ಸಿಕ್ಕಿ ಅದು ರೇಡಿಯೋದಲ್ಲಿ ಬರುತ್ತದೆ. ಹೆಸರು ಹೇಳುವುದಿಲ್ಲ. ಆದರೆ ಅವಳಿಗೆ ಗೊತ್ತಾಗುತ್ತದೆ, ಇದು ನನಗೇ ಅಂತ.

ಲಕ್ಷ ಜನ ಕೇಳುತ್ತಿರುತ್ತಾರೆ. ಅವರಲ್ಲಿ ಒಬ್ಬಳಿಗೆ ಮಾತ್ರ ಅದು ತನ್ನ ಕಾಗದ. ರೇಡಿಯೋ ಮಾಡುವ ಮೋಡಿ ಇದೇ ಅಲ್ವಾ? ಹಾಡು ಪಿಯಾನೋ ಜೊತೆ ನಿಧಾನಕ್ಕೆ, ಒಬ್ಬಳೇ ಹಾಡಿದ ಹಾಗೆ ಶುರುವಾಗುತ್ತದೆ. ಆಮೇಲೆ ಡಿಸ್ಕೊ ತಾಳ ಬಂದು ಸೇರುತ್ತದೆ. ಆ ಬದಲಾವಣೆ ಆಗುವ ಕ್ಷಣ ಗಮನಿಸಿ. ಸುದ್ದಿ ಕೇಳಿದವಳ ಎದೆಬಡಿತ ಏರುವುದು ಕೇಳಿಸುತ್ತದೆ.

ಡಿಜೆ ಹಾಡು ಬೇಕೆಂದರೆ ಇಂಡೀಪ್ ತಂಡದ 'ಲಾಸ್ಟ್ ನೈಟ್ ಎ ಡಿಜೆ ಸೇವ್ಡ್ ಮೈ ಲೈಫ್', 1982. ಮನೆಯಲ್ಲಿ ಬೇಜಾರಾಗಿ ಕೂತವಳನ್ನು ಒಂದು ಹಾಡು ಎಬ್ಬಿಸುತ್ತದೆ. ಅದರ ಬೇಸ್ ಗಿಟಾರ್ ಒಂದು ಸಲ ಕಿವಿಗೆ ಹೊಕ್ಕರೆ ದಿನವಿಡೀ ಬಿಡುವುದಿಲ್ಲ. ವೆಲ್ವೆಟ್ ಅಂಡರ್‌ಗ್ರೌಂಡ್‌ನ ಜೆನ್ನಿಗೂ ಜೀವ ಉಳಿಯಿತು, ಇವಳಿಗೂ ಉಳಿಯಿತು. ಹನ್ನೆರಡು ವರ್ಷದ ಅಂತರ, ಸಂಗೀತದಲ್ಲಿ ಒಂದಕ್ಕೊಂದು ಸಂಬಂಧವೇ ಇಲ್ಲ, ಮಾತು ಒಂದೇ.

ಹಳೇ_ಕ್ಯಾಸೆಟ್

ಕೋಟಿನ ತೂತು! ಎಷ್ಟೋ ವರ್ಷದಿಂದ ಕೇಳುತ್ತಿದ್ದೇನೆ, ಆ ಸಾಲಿಗೆ ಕಿವಿ ಕೊಟ್ಟೇ ಇರಲಿಲ್ಲ. ಈಗಲೇ ಹಾಕಿ ಕೇಳಿದೆ. ಥ್ಯಾಂಕ್ಸ್.

ಮೂರು_ಕಾರ್ಡ್

ಮತ್ತೆ ಬಂದೆ. ರಾತ್ರಿಯ ಮಾತು ಚೆನ್ನಾಗಿದೆ, ಆದರೆ ಎಲ್ಲ ಹಾಡಿಗೂ ಹೊಂದುವುದಿಲ್ಲ. ರಶ್ ತಂಡದ 'ದ ಸ್ಪಿರಿಟ್ ಆಫ್ ರೇಡಿಯೋ', 1980. ಆ ಹಾಡು ಶುರುವಾಗುವುದೇ ಬೆಳಗ್ಗೆ, ಸ್ನೇಹದ ದನಿಯೊಂದಿಗೆ ದಿನ ಆರಂಭಿಸುವ ಮಾತಿನಿಂದ. ಟೊರಾಂಟೊದ ಸಿಎಫ್‌ಎನ್‌ವೈ ಅನ್ನುವ ಎಫ್ಎಂ ಸ್ಟೇಷನ್ ತನ್ನನ್ನು ಕರೆದುಕೊಳ್ಳುತ್ತಿದ್ದ ಹೆಸರನ್ನೇ ತಂಡದ ಡ್ರಮ್ಮರ್ ನೀಲ್ ಪಿಯರ್ಟ್ ಹಾಡಿಗೆ ಇಟ್ಟರು. ಎಫ್ಎಂಗೆ ಅಯಾನುಗೋಳದ ಹಂಗಿಲ್ಲ, ಹಗಲು ರಾತ್ರಿ ಒಂದೇ. ಅದಕ್ಕೇ ಇರಬೇಕು, ಎಫ್ಎಂ ಕಾಲದ ಹಾಡಿನಲ್ಲಿ ಬಿಸಿಲಿದೆ.

ಇನ್ನೊಂದು ಮಾತು. ಡಿಜೆಗಳ ಬಗ್ಗೆ ಬರೆಯುವಾಗ ಹಣದ ವಿಷಯ ಬಿಡಬಾರದು. ರಮೋನ್ಸ್ ತಂಡದ 'ಡೂ ಯೂ ರಿಮೆಂಬರ್ ರಾಕ್ ಎನ್ ರೋಲ್ ರೇಡಿಯೋ', ಅದೂ 1980ರದ್ದೇ, ಫಿಲ್ ಸ್ಪೆಕ್ಟರ್ ನಿರ್ಮಾಣ. ಅದರಲ್ಲಿ ಆಲನ್ ಫ್ರೀಡ್ ಹೆಸರು ಬರುತ್ತದೆ. 1951ರಲ್ಲಿ ಕ್ಲೀವ್‌ಲೆಂಡ್‌ನಲ್ಲಿ ರಾತ್ರಿ ಕಾರ್ಯಕ್ರಮ ಶುರು ಮಾಡಿ, ರಿದಂ ಅಂಡ್ ಬ್ಲೂಸ್ ರೆಕಾರ್ಡ್‌ಗಳನ್ನು ಹಾಕಿ, ರಾಕ್ ಎನ್ ರೋಲ್ ಅನ್ನುವ ಮಾತನ್ನು ಮನೆಮನೆಗೆ ತಲುಪಿಸಿದವರು. ಹಾಡು ಹಾಕುವುದಕ್ಕೆ ರೆಕಾರ್ಡ್ ಕಂಪನಿಗಳಿಂದ ಹಣ ಪಡೆಯುವ 'ಪೆಯೋಲಾ' ಹಗರಣ 1959ರಲ್ಲಿ ಸ್ಫೋಟವಾದಾಗ ಅವರ ಕೆಲಸ ಹೋಯಿತು. 1965ರಲ್ಲಿ, 43ನೇ ವಯಸ್ಸಿಗೇ ತೀರಿಕೊಂಡರು. ಹಣ ತಗೊಂಡದ್ದು ತಪ್ಪೇ. ಆದರೆ ಅವರು ಹಾಕಿದ ಹಾಡುಗಳು ಇಲ್ಲದಿದ್ದರೆ ಈ ಚರ್ಚೆಯ ಅರ್ಧ ಹಾಡುಗಳು ಹುಟ್ಟುತ್ತಿರಲಿಲ್ಲ.

ಟಾಮ್ ಪೆಟಿಯ 'ದ ಲಾಸ್ಟ್ ಡಿಜೆ' 2002ರದ್ದು. ತನಗೆ ಇಷ್ಟವಾದದ್ದನ್ನೇ ಹಾಕುವ ಕೊನೆಯ ಡಿಜೆಯ ಕತೆ. 1996ರಲ್ಲಿ ಅಮೆರಿಕದ ಹೊಸ ಕಾನೂನು, ಒಂದು ಕಂಪನಿ ದೇಶದಲ್ಲಿ ಎಷ್ಟು ಸ್ಟೇಷನ್ ಇಟ್ಟುಕೊಳ್ಳಬಹುದು ಅನ್ನುವ ಮಿತಿಯನ್ನೇ ತೆಗೆದುಹಾಕಿತು. ಆ ಮೇಲೆ ನೂರಾರು ಸ್ಟೇಷನ್‌ಗಳಿಗೆ ಒಂದೇ ಪಟ್ಟಿ. ಈ ಹಿನ್ನೆಲೆ ಗೊತ್ತಿದ್ದು ಕೇಳಿದರೆ ಹಾಡಿನ ತೂಕ ಬೇರೆ.

ನೈಟ್_ಶಿಫ್ಟ್

ಎರಡು ದಿನದಿಂದ ಓದುತ್ತಿದ್ದೇನೆ, ಬರೆಯಲೋ ಬೇಡವೋ ಅಂತ ಇದ್ದೆ. ನೀವೆಲ್ಲ ಈಚೆ ಕೂತು ಕೇಳಿದವರು. ನಾನು ಆಚೆ ಕೂತಿದ್ದವಳು. ಒಂಬತ್ತು ವರ್ಷ, ಅದರಲ್ಲಿ ಹೆಚ್ಚು ರಾತ್ರಿ ಪಾಳಿ.

ಡಿಜೆಗಳ ಬಗ್ಗೆ ಇರುವ ಹಾಡುಗಳಲ್ಲಿ ನನಗೆ ನಿಜ ಅನಿಸಿದ್ದು ಒಂದೇ. ಹ್ಯಾರಿ ಚೇಪಿನ್, 'ಡಬ್ಲ್ಯುಒಎಲ್‌ಡಿ', 1973. ಅಮೆರಿಕದಲ್ಲಿ ಸ್ಟೇಷನ್‌ಗಳಿಗೆ ನಾಲ್ಕಕ್ಷರದ ಹೆಸರು ಇರುತ್ತದೆ. ಇದರಲ್ಲಿ ಮೊದಲ ಅಕ್ಷರ ತೆಗೆದರೆ 'ಓಲ್ಡ್', ಮುದುಕ. ಊರಿಂದೂರಿಗೆ ಸ್ಟೇಷನ್ ಬದಲಿಸುತ್ತಾ ಬಂದ ಡಿಜೆಯೊಬ್ಬ ತಾನೇ ಬಿಟ್ಟುಬಂದ ಹೆಂಡತಿಗೆ ಫೋನ್ ಮಾಡುತ್ತಾನೆ. ಮಕ್ಕಳು ಹೇಗಿದ್ದಾರೆ ಅಂತ ಕೇಳುತ್ತಾನೆ. ನೆತ್ತಿಯ ಕೂದಲು ಉದುರುತ್ತಿದೆ. ವಾಪಸ್ ಬರಲಾ ಅನ್ನುವ ಹಾಗೆ ಮಾತು ತರುತ್ತಾನೆ. ಆ ಕಡೆಯ ಉತ್ತರ ನಮಗೆ ಕೇಳಿಸುವುದಿಲ್ಲ, ಅವನ ಮಾತಿನಿಂದಲೇ ಗೊತ್ತಾಗುತ್ತದೆ. ನಡುವೆ ಮತ್ತೆ ಮತ್ತೆ ಆ ಉಲ್ಲಾಸದ ದನಿ: ನಾನು ನಿಮ್ಮ ಬೆಳಗಿನ ಡಿಜೆ! ಆ ಎರಡು ದನಿಗಳ ನಡುವಿನ ಅಂತರ ನನಗೆ ಚೆನ್ನಾಗಿ ಗೊತ್ತು. ಮೈಕ್ ಮೇಲಿನ ಕೆಂಪು ದೀಪ ಹತ್ತಿದರೆ ಒಂದು ದನಿ, ಆರಿದರೆ ಇನ್ನೊಂದು.

ಸ್ಟುಡಿಯೋ ಹೇಗಿರುತ್ತದೆ ಅಂತ ಹೇಳುತ್ತೇನೆ. ಕಿಟಕಿ ಇಲ್ಲ. ಗೋಡೆಗೆಲ್ಲ ಸದ್ದು ಹೀರುವ ಹೊದಿಕೆ. ಕೆಮ್ಮಿದರೂ ಆ ಕೆಮ್ಮು ಗೋಡೆಗೆ ತಾಗಿ ವಾಪಸ್ ಬರುವುದಿಲ್ಲ. ಫೋನ್ ಹೊಡೆದುಕೊಳ್ಳುವುದಿಲ್ಲ, ಬರೀ ದೀಪ ಮಿನುಗುತ್ತದೆ. ನಾನು ಸೇರಿದಾಗ ಇನ್ನೂ ರೆಕಾರ್ಡ್‌ಗಳಿದ್ದವು. ಟರ್ನ್‌ಟೇಬಲ್ ಮೇಲೆ ಒಂದು ತೆಳ್ಳಗಿನ ಫೆಲ್ಟ್ ಬಟ್ಟೆ, ಅದರ ಮೇಲೆ ರೆಕಾರ್ಡ್. ಹೆಡ್‌ಫೋನಿನಲ್ಲಿ ಕೇಳುತ್ತಾ ಹಾಡಿನ ಮೊದಲ ಸದ್ದು ಹುಡುಕಬೇಕು. ಸಿಕ್ಕಿದ ಮೇಲೆ ಕೈಯಿಂದ ಸ್ವಲ್ಪ ಹಿಂದಕ್ಕೆ ತಿರುಗಿಸಿ ಬೆರಳಿನಿಂದ ಹಿಡಿದುಕೊಳ್ಳಬೇಕು. ಕೆಳಗೆ ತಟ್ಟೆ ತಿರುಗುತ್ತಲೇ ಇರುತ್ತದೆ. ಮಾತು ಮುಗಿಯುವ ಹೊತ್ತಿಗೆ ಬೆರಳು ಬಿಡುವುದು, ಫೇಡರ್ ಏರಿಸುವುದು. ಹಾಡಿಗೆ ಹದಿನಾಲ್ಕು ಸೆಕೆಂಡ್ ಮುನ್ನುಡಿ ಇದ್ದರೆ ಹದಿಮೂರರ ತನಕ ಮಾತಾಡಿ, ಗಾಯಕ ಬಾಯಿ ತೆರೆಯುವ ಮುಂಚೆ ನಿಲ್ಲಿಸುವುದು ನಮಗೆಲ್ಲ ಹೆಮ್ಮೆಯ ವಿಷಯ. ಹಳೇ_ಕ್ಯಾಸೆಟ್ ಅವರೇ, ನಿಮ್ಮ ಎಷ್ಟೋ ಹಾಡುಗಳ ತಲೆ ಹೋದದ್ದು ನಮ್ಮಿಂದ. ಕ್ಷಮಿಸಿ.

ಒಂದು ರಾತ್ರಿ ಎರಡು ಗಂಟೆ ಇರಬಹುದು. ಉದ್ದದ ಹಾಡೊಂದು ಹಾಕಿ ನೀರು ಕುಡಿಯಲು ಹೊರಗೆ ಹೋದೆ. ವಾಪಸ್ ಬಂದರೆ ಫೋನಿನ ದೀಪ ಮಿನುಗುತ್ತಿದೆ. ಎತ್ತಿದೆ. ಒಬ್ಬ ವಯಸ್ಸಾದ ಹೆಂಗಸಿನ ದನಿ. 'ಹಾಡು ಅಲ್ಲೇ ಸಿಕ್ಕಿಕೊಂಡಿದೆ ಅಮ್ಮಾ, ನೀವು ಹುಷಾರಾಗಿದ್ದೀರಾ ಅಂತ ಮಾಡಿದೆ' ಅಂದರು. ನೋಡಿದರೆ ಮುಳ್ಳು ಒಂದೇ ಗೆರೆಯಲ್ಲಿ ಸುತ್ತುತ್ತಿತ್ತು. ಅರ್ಧ ಸಾಲು, ಮತ್ತೆ ಅದೇ ಅರ್ಧ ಸಾಲು. ಓಡಿಹೋಗಿ ಎತ್ತಿ ಮುಂದಕ್ಕೆ ಇಟ್ಟೆ. ಮತ್ತೆ ಫೋನ್ ಹಿಡಿದಾಗ ಅವರು ಇಟ್ಟುಬಿಟ್ಟಿದ್ದರು. ಹೆಸರು ಕೇಳಲಿಲ್ಲ ನಾನು. ಆಮೇಲೆ ಎಷ್ಟು ವರ್ಷ ಆ ಕೆಲಸ ಮಾಡಿದೆನೋ ಅಷ್ಟೂ ವರ್ಷ, ರಾತ್ರಿ ಮೈಕ್ ತೆರೆದಾಗ ನಾನು ಮಾತಾಡಿದ್ದು ಅವರೊಬ್ಬರ ಜೊತೆ.

ಡಯಲ್_ದೀಪ

ಮೇಡಂ, ಎರಡು ಸಲ ಓದಿದೆ. ನಾನು ಮೊದಲು ಬರೆದದ್ದನ್ನು ತಿದ್ದಿಕೊಳ್ಳಬೇಕು. ಕೇಳುವವರ ಬಗ್ಗೆ ಮಾತ್ರ ಅಂದಿದ್ದೆ. ಆಚೆಯೂ ಒಬ್ಬರೇ ಇದ್ದಾರೆ. ರಾತ್ರಿ ಎರಡು ಕಡೆಗೂ ಒಂದೇ.

ಇದಾದ ಮೇಲೆ ಈಚೆಯಿಂದ ಆಚೆಗೆ ಹೋಗುವ ಹಾಡುಗಳನ್ನು ಹುಡುಕಿದೆ. ಚಕ್ ಬೆರಿಯ 'ರೋಲ್ ಓವರ್ ಬೀಥೋವನ್', 1956. ಬೀಥೋವನ್‌ಗೆ ಸವಾಲು ಹಾಕುವ ಹಾಡು ಅಂತ ಎಲ್ಲರಿಗೂ ಗೊತ್ತು. ಆದರೆ ಅದು ಶುರುವಾಗುವುದು ಊರಿನ ಡಿಜೆಗೆ ಒಂದು ಕಾಗದ ಬರೆಯುವುದರಿಂದ, ಈ ರೆಕಾರ್ಡ್ ಹಾಕಪ್ಪಾ ಅಂತ. ಸ್ಯಾಮ್ ಕುಕ್ ಅವರ 'ಹ್ಯಾವಿಂಗ್ ಎ ಪಾರ್ಟಿ', 1962. ಮನೆ ತುಂಬ ಜನ, ರೇಡಿಯೋ ಹಾಕಿ ಕುಣಿಯುತ್ತಿದ್ದಾರೆ, ರೆಕಾರ್ಡ್ ನಿಲ್ಲಿಸಬೇಡಿ ಅಂತ ಡಿಜೆಯನ್ನು ಬೇಡಿಕೊಳ್ಳುತ್ತಾರೆ. ಆ ದಿನಗಳ ಬೇರೆ ಹಾಡುಗಳ ಹೆಸರು ಹೇಳಿ ಅವನ್ನೂ ಹಾಕಿ ಅನ್ನುತ್ತಾರೆ. ಇಷ್ಟು ಸಂತೋಷದ ಹಾಡು, ಆದರೂ ಸ್ಯಾಮ್ ಕುಕ್ ದನಿಯಲ್ಲಿ ಒಂದು ಎಳೆ ದುಃಖ ಇದೆ, ಈ ರಾತ್ರಿ ಮುಗಿದುಹೋಗುತ್ತದೆ ಅನ್ನುವುದು ಗೊತ್ತಿರುವ ಹಾಗೆ. ಆ ರೆಕಾರ್ಡಿನ ಇನ್ನೊಂದು ಬದಿಯಲ್ಲಿ 'ಬ್ರಿಂಗ್ ಇಟ್ ಆನ್ ಹೋಮ್ ಟು ಮಿ' ಇದೆ. ಒಂದೇ ರೆಕಾರ್ಡಿನಲ್ಲಿ ಎರಡು ಬದಿಗೂ ಅಂಥ ಹಾಡು ಇಟ್ಟವರು ಕಡಿಮೆ.

ಬೇಸ್_ಪ್ರಿಯೆ

ಜೋನಿ ಮಿಚೆಲ್ ಅವರದ್ದೂ ಸೇರಿಸಿ, 1972ರ 'ಯು ಟರ್ನ್ ಮಿ ಆನ್, ಐಯಾಮ್ ಎ ರೇಡಿಯೋ'. ಒಂದು ಹಿಟ್ ಹಾಡು ಕೊಡಿ ಅಂತ ಕಂಪನಿಯವರು ಕೇಳಿದ್ದಕ್ಕೆ ಬರೆದದ್ದು. ಡಿಜೆಗಳು ಹಾಕಲಿ ಅಂತ ರೇಡಿಯೋವನ್ನೇ ಹಾಡಿನೊಳಗೆ ತಂದರು, ಹಾಕಿದರು ಕೂಡ. ಅದರಲ್ಲಿ ಹಾಡುವವಳೇ ರೇಡಿಯೋ. ನನ್ನ ಸ್ಟೇಷನ್ ಸಿಗದಿದ್ದರೆ ಸ್ವಲ್ಪ ತಿರುಗಿಸಿ ನೋಡು, ಸಿಗ್ನಲ್ ಬರುತ್ತದೆ ಅನ್ನುವ ಪ್ರೇಮದ ಹಾಡು.

ಹೊಸ_ಕಿವಿ

'ಪ್ಯಾನಿಕ್' ಬಗ್ಗೆ ಯಾರೂ ಬರೆದಿಲ್ಲ. ಸ್ಮಿತ್ಸ್, 1986. ಡಿಜೆಯನ್ನು ನೇಣು ಹಾಕಿ ಅಂತ ಕೊನೆಯಲ್ಲಿ ಮಕ್ಕಳು ಗುಂಪಾಗಿ ಹಾಡುತ್ತಾರೆ. ಅವರು ಹಾಕುವ ಹಾಡುಗಳಲ್ಲಿ ನನ್ನ ಬದುಕಿನ ಬಗ್ಗೆ ಒಂದು ಮಾತೂ ಇಲ್ಲ ಅನ್ನುವುದು ದೂರು. ಟ್ಯೂನ್ ತುಂಬಾ ಇಷ್ಟ, ಆ ಮಾತು ಮಾತ್ರ ಗಂಟಲಲ್ಲಿ ಇಳಿಯುವುದಿಲ್ಲ. ನೈಟ್_ಶಿಫ್ಟ್ ಮೇಡಂ, ನಿಮಗೆ ಬೇಜಾರಾಗುವುದಿಲ್ಲವಾ?

ನೈಟ್_ಶಿಫ್ಟ್

ಮೊದಲ ಸಲ ಕೇಳಿದಾಗ ಆಯಿತು. ಆಮೇಲೆ ಆ ದೂರು ಸರಿ ಅನಿಸಿತು. ಎಷ್ಟೋ ದಿನ ನಾನೂ ಪಟ್ಟಿಯಲ್ಲಿದ್ದದ್ದನ್ನೇ ಹಾಕಿದ್ದೇನೆ, ಹೊರಗೆ ಏನಾಗುತ್ತಿದೆ ಅಂತ ಯೋಚಿಸದೆ. ಸುದ್ದಿಯಲ್ಲಿ ದೊಡ್ಡ ಅನಾಹುತ ಓದಿ ಮುಗಿಸಿದ ಮರುಕ್ಷಣ ಕುಣಿಯುವ ಹಾಡು ಹೋದರೆ ಕೇಳುವವರಿಗೆ ಹೇಗಾಗಬೇಡ? ಅಂಥ ಹೊತ್ತಿನಲ್ಲಿ ಯಾವ ಹಾಡು ಅನ್ನುವುದೇ ನಮ್ಮ ಕೆಲಸ. ಮಾತು ಚೆನ್ನಾಗಿ ಆಡುವುದು ಆಮೇಲಿನದು.

ಮೂರು_ಕಾರ್ಡ್

ಜೊನಾಥನ್ ರಿಚ್‌ಮನ್ ಅವರ 'ರೋಡ್‌ರನ್ನರ್' ಬಿಟ್ಟರೆ ನನಗೆ ನಿದ್ದೆ ಬರುವುದಿಲ್ಲ. ಮಾಡರ್ನ್ ಲವರ್ಸ್ ತಂಡ, ಗಿಟಾರ್‌ನಲ್ಲಿ ಹೆಚ್ಚೂಕಡಿಮೆ ಎರಡೇ ಕಾರ್ಡ್ (ಸ್ವರಗುಚ್ಛ). ಮ್ಯಾಸಚೂಸೆಟ್ಸ್‌ನ ರೂಟ್ 128ರಲ್ಲಿ ರಾತ್ರಿ ಕಾರು ಓಡಿಸುತ್ತಿದ್ದಾನೆ, ಜೊತೆಗೆ ಯಾರೂ ಇಲ್ಲ, ರೇಡಿಯೋ ಇದೆ. ಅಷ್ಟೇ ಹಾಡು. ಒಂಟಿಯಾಗಿದ್ದೂ ಒಂಟಿ ಅನಿಸದ ಸಂತೋಷವನ್ನು ಇದಕ್ಕಿಂತ ಚೆನ್ನಾಗಿ ಯಾರೂ ಹಾಡಿಲ್ಲ.

ಅದರ ಪಕ್ಕದಲ್ಲೇ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಅವರ 'ರೇಡಿಯೋ ನೋವೇರ್', 2007, ಇಟ್ಟು ಕೇಳಿ. ಅದೇ ರಾತ್ರಿ, ಅದೇ ಹುಡುಕಾಟ. ಆದರೆ ಈ ಸಲ ಯಾವ ಸ್ಟೇಷನ್ನೂ ಸಿಗುವುದಿಲ್ಲ. ಅಲ್ಲಿ ಜೀವ ಇರುವವರು ಯಾರಾದರೂ ಇದ್ದೀರಾ ಅಂತ ಕೂಗುತ್ತಾನೆ.

ಮೀಡಿಯಂ_ವೇವ್

ಇನ್ನೊಂದು ಹಾಡು ಹೇಳಲಾ? ಇದು ರೇಡಿಯೋ ಬಗ್ಗೆ ಅಲ್ಲ, ರೇಡಿಯೋ ಅನ್ನುವ ಪದವೂ ಇದರಲ್ಲಿ ಇಲ್ಲ. ಆದರೂ ಇಲ್ಲೇ ಇರಬೇಕು. ಪಿಂಕ್ ಫ್ಲಾಯ್ಡ್, 'ವಿಶ್ ಯು ವರ್ ಹಿಯರ್', 1975.

ಶುರುವಿನಲ್ಲಿ ಯಾರೋ ರೇಡಿಯೋದ ಗುಂಡಿ ತಿರುಗಿಸುತ್ತಿದ್ದಾರೆ. ಮಾತಿನ ಚೂರು ಬರುತ್ತದೆ, ಚೈಕಾವ್‌ಸ್ಕಿಯ ನಾಲ್ಕನೇ ಸಿಂಫನಿಯ ತುಣುಕು ಬಂದು ಹೋಗುತ್ತದೆ. ಆಮೇಲೆ ಒಂದು ಗಿಟಾರ್ ಸಿಗುತ್ತದೆ, ತೆಳ್ಳಗೆ, ಸಣ್ಣ ಸ್ಪೀಕರ್‌ನಿಂದ ಬಂದ ಹಾಗೆ. ಗುಂಡಿ ಅಲ್ಲಿಗೆ ನಿಲ್ಲುತ್ತದೆ. ಸ್ವಲ್ಪ ಹೊತ್ತು ಬರೀ ಅದೇ. ಹೆಡ್‌ಫೋನ್ ಹಾಕಿ ಗಮನ ಇಟ್ಟು ಕೇಳಿ, ಹತ್ತಿರದಲ್ಲಿ ಯಾರೋ ಕೆಮ್ಮುತ್ತಾರೆ. ಅದು ತಂಡದ ಗಿಟಾರ್ ವಾದಕ ಡೇವಿಡ್ ಗಿಲ್ಮೋರ್. ಆ ಮೇಲೆ ಎರಡನೆಯ ಗಿಟಾರ್ ಬರುತ್ತದೆ, ತುಂಬಿದ ದನಿ, ಕೋಣೆಯೊಳಗೇ ನುಡಿಸಿದ ಹಾಗೆ. ರೇಡಿಯೋದಲ್ಲಿ ಬರುತ್ತಿರುವ ಗಿಟಾರ್ ಜೊತೆ ಈಚೆ ಕೂತವನು ಸೇರಿಕೊಂಡು ನುಡಿಸುತ್ತಿದ್ದಾನೆ.

ನೈಟ್_ಶಿಫ್ಟ್

ಈಗಷ್ಟೇ ಹೆಡ್‌ಫೋನ್ ಹಾಕಿ ಕೇಳಿದೆ. ಆ ಹಾಡನ್ನು ನನ್ನ ಕೈಯಾರೆ ಎಷ್ಟು ಸಲ ಪ್ರಸಾರ ಮಾಡಿದ್ದೇನೋ ಲೆಕ್ಕವಿಲ್ಲ. ಕೆಮ್ಮು ಇವತ್ತೇ ಕೇಳಿಸಿತು.